ಖಾತೆಗೆ ಬಿದ್ದ ರೊಕ್ಕ ಯಾರ ಕಾಯಕದ್ದು?

ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬ್ಯಾಂಕಿಗೆ ಬರುವ ಮೊದಲೇ ಹಂಚಿಹೋಗಿರುತ್ತದೆ. ಕಿರಾಣಿ ಅಂಗಡಿಯ ಉದ್ರಿಗೆ ಒಂದಿಷ್ಟು, ಸಂಘದ ಸಾಲದ ವಾರದ ಕಂತಿಗೆ ಒಂದಿಷ್ಟು, ಅತ್ತೆಯ ಬಿಪಿ ಗುಳಿಗೆಗೆ, ಮಗಳ ಟ್ಯೂಷನ್‌ಗೆ. ಏನಾದರೂ ಮಿಕ್ಕರೆ ಬನದ ಹುಣ್ಣಿಮೆಯ ಜಾತ್ರೆಗೆ. ‘ರೊಕ್ಕ ಬಿತ್ತೇನವ್ವಾ?’ ಎಂದು ನೆರೆಯವರು ವಿಚಾರಿಸುವುದು ಈಗ ‘ಊಟ ಆತೇನು?’ ಎಂದು ಕೇಳುವಷ್ಟೇ ಸಹಜ. ಇದರ ಬೆನ್ನಿಗೆ ಇನ್ನೊಂದು ಮಾತೂ ಕೇಳಿಬರುತ್ತದೆ, ಹೆಚ್ಚಾಗಿ ಕಟ್ಟೆಯ ಮೇಲೆ ಕುಳಿತ ಗಂಡಸರ ಬಾಯಿಂದ: ‘ದುಡೀದ ಬಂದ ರೊಕ್ಕ ಮನಿಗೆ ಹತ್ತತೈತೇನು?’

ಅರ್ಥಶಾಸ್ತ್ರಜ್ಞರು ಈ ಎರಡನೆಯ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಡವರ ಕೈಗೆ ಕೊಟ್ಟ ದುಡ್ಡು ಬೇಗ ಸಂತೆಗೆ ಬರುತ್ತದೆ, ಸಂತೆ ಚುರುಕಾದರೆ ಊರು ಚುರುಕಾಗುತ್ತದೆ ಎಂಬಲ್ಲಿಗೆ ಅವರ ವಾದ ಮುಗಿಯುತ್ತದೆ. ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಯಲ್ಲಿ ಅದು ಮುಗಿಯುವುದಿಲ್ಲ. ಕೃಷ್ಣೆಗೆ ಮಲಪ್ರಭೆ ಸೇರುವ ಕೂಡಲಸಂಗಮ ಹುನಗುಂದದ ಸೀಮೆಯಲ್ಲಿದೆ. ಬಸವಣ್ಣ ಕಲಿತದ್ದೂ ಐಕ್ಯವಾದದ್ದೂ ಅಲ್ಲಿಯೇ. ಕಾಯಕ, ದಾಸೋಹ ಎಂಬ ಮಾತುಗಳು ಇಲ್ಲಿ ಮದುವೆಯ ಕರೆಯೋಲೆಯಿಂದ ಚುನಾವಣೆಯ ಭಾಷಣದವರೆಗೆ ಓಡಾಡುತ್ತವೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅದಕ್ಕೆ ನಾಲ್ಕೈದು ತಿಂಗಳು ಮೊದಲು, 2023ರ ಆಗಸ್ಟ್ 30ರಂದು, ಅದೇ ಸರ್ಕಾರ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟಿತ್ತು. ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರಿಗೆ ತಿಂಗಳಿಗೆ ₹2,000. ದುಡಿಮೆಯೇ ಪೂಜೆ ಎಂದವರ ನಾಡಿನಲ್ಲಿ ದುಡಿಯದೆ ಬರುವ ಹಣ ಧರ್ಮವೇ ಎಂಬ ಅನುಮಾನ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಉತ್ತರವನ್ನೂ ಶರಣರ ಬಳಿಯೇ ಹುಡುಕುವುದು ನ್ಯಾಯ.

ಹುಡುಕಿದರೆ ಮೊದಲು ಸಿಗುವವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತನ್ನು ಜನ ಬಸವಣ್ಣನವರದೆಂದು ಭಾವಿಸುತ್ತಾರೆ. ಅದು ಬರುವುದು ಮಾರಯ್ಯನ ವಚನದಲ್ಲಿ. ಆತನ ಕಾಯಕವಾದರೂ ಯಾವುದು? ಕಲ್ಯಾಣದಲ್ಲಿ ಶರಣರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಆ ದಿನಕ್ಕೆ ಬೇಕಾದುದಕ್ಕಿಂತ ಮಿಗಿಲಾದದ್ದು ಆಸೆಯ ಪಾಲು, ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಕತೆಯನ್ನು ಬಿಟ್ಟಿ ಭಾಗ್ಯದ ವಿರುದ್ಧ ಎತ್ತಿ ಹೇಳುವವರು ಒಂದು ವಿಷಯವನ್ನು ದಾಟಿ ಹೋಗುತ್ತಾರೆ. ಮಾರಯ್ಯ ಆಯ್ದ ಅಕ್ಕಿ ಆತ ಬೆಳೆದದ್ದಲ್ಲ, ಕೂಲಿಯಾಗಿ ಪಡೆದದ್ದೂ ಅಲ್ಲ. ಇನ್ನೊಬ್ಬರ ಅಂಗಳದಲ್ಲಿ ಚೆಲ್ಲಿಹೋದದ್ದು. ಹಾಗಿದ್ದೂ ಶರಣರು ಅದನ್ನು ಕಾಯಕವೆಂದೇ ಎಣಿಸಿದರು, ಏಕೆಂದರೆ ಆ ಅಕ್ಕಿಯಿಂದ ಗಂಡಹೆಂಡಿರಿಬ್ಬರೂ ದಾಸೋಹ ನಡೆಸುತ್ತಿದ್ದರು. ಲಕ್ಕಮ್ಮನ ಕೈಯಲ್ಲಿದ್ದ ಅಳತೆ ಎರಡೇ: ಎಷ್ಟು ಬೇಕು, ಯಾತಕ್ಕೆ ಬೇಕು. ಎಲ್ಲಿಂದ ಬಂತು ಎಂಬುದನ್ನು ಶರಣರು ಕಡೆಗಣಿಸಿದರೆಂದಲ್ಲ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಲಂಚಕ್ಕೆ ಕೈಯೊಡ್ಡಲಾರೆ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟಲಾರೆ ಎಂದು ಆಣೆಯಿಟ್ಟವಳು. ಆದರೆ ಅದೇ ಸತ್ಯಕ್ಕ ಶಿವ ಇಕ್ಕಿದ ಭಿಕ್ಷೆಯಲ್ಲಿ ಬದುಕುತ್ತೇನೆಂದು ಹೇಳಿಕೊಳ್ಳಲು ಸಂಕೋಚಪಡಲಿಲ್ಲ. ಕದ್ದದ್ದು ಬೇರೆ, ಇಕ್ಕಿದ್ದು ಬೇರೆ ಎಂಬ ವಿವೇಕ ಆಕೆಗಿತ್ತು.

ಇನ್ನು ‘ದುಡೀದ’ ಎಂಬ ಮಾತು. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಿಂದ ತಂದು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಟೋಪಿ ತೆನಿಯ ಕೆಂಪು ಸೆರಗು, ಚಿಕ್ಕಿ ಪರಾಸ, ಗೋಮಿ ದಡಿಗಳಿಂದ ಹೆಸರಾದ ಈ ಸೀರೆಯನ್ನು ಒಬ್ಬರೇ ಕುಳಿತು ಮಾಡಲಾಗುವುದಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸುವವನ ಹಿಂದೆ ನೂಲು ಬಿಡಿಸಿ, ಕಂಡಿಕೆ ಸುತ್ತಿ, ಹಾಸು ಹೂಡಲು ನೆರವಾಗುವ ಹೆಂಗಸಿರುತ್ತಾಳೆ. ಕೂಲಿಯ ಲೆಕ್ಕ ಬರೆಯುವುದು ಸೀರೆಗಿಷ್ಟು ಎಂದು. ಮನೆಮಂದಿ ಮಾಡಿದ ಕೆಲಸ ಆ ಲೆಕ್ಕದೊಳಗೆ ಕರಗಿಹೋಗುತ್ತದೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗಂಡಸರು ದುಡಿಯಲು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದಾಗ ಹೊಲ, ದನ, ಮುದುಕರು, ಶಾಲೆಯ ಮಕ್ಕಳು ಎಲ್ಲವೂ ಹಿಂದುಳಿದ ಹೆಂಗಸಿನ ಪಾಲು. ಆಕೆಗೆ ಪಗಾರ ಕೊಟ್ಟವರು ಯಾರೂ ಇಲ್ಲ. ಕಾಯಕದಲ್ಲಿ ಮೇಲುಕೀಳು ನೋಡದ ಶರಣರ ಕಣ್ಣಿನಿಂದ ನೋಡಿದರೆ, ಗೃಹಲಕ್ಷ್ಮಿಯ ಹಣವನ್ನು ದುಡಿಯದೆ ಬಂದ ರೊಕ್ಕ ಎನ್ನುವ ಧೈರ್ಯ ಯಾರಿಗೂ ಬರಬಾರದು. ಎಷ್ಟೋ ವರ್ಷಗಳ ಬಾಕಿಯಲ್ಲಿ ಒಂದಿಷ್ಟು ಈಗ ಸಂದಾಯವಾಗುತ್ತಿದೆ.

ಈ ಊರಿಗೆ ಸರ್ಕಾರದ ಹಣ ಹೊಸದೂ ಅಲ್ಲ. ಕೊರೊನಾ ಲಾಕ್‌ಡೌನ್‌ನಲ್ಲಿ ಮಗ್ಗದ ಸದ್ದು ಅಡಗಿ ಸೀರೆಗಳು ಪೆಟ್ಟಿಗೆಯಲ್ಲಿ ಉಳಿದಾಗ, 2020ರ ಮೇ 6ರಂದು ಯಡಿಯೂರಪ್ಪ ಸರ್ಕಾರ ₹1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲ ₹5,000. ಕೈಮಗ್ಗದವರಿಗೆ ‘ನೇಕಾರ ಸಮ್ಮಾನ್’ ಎಂದು ವರ್ಷಕ್ಕೆ ₹2,000. ಆಗ ಯಾವ ಕಟ್ಟೆಯ ಮೇಲೂ ಧರ್ಮದ ಪ್ರಶ್ನೆ ಏಳಲಿಲ್ಲ. ಕೊಟ್ಟದ್ದಕ್ಕೆ ಸಮ್ಮಾನ ಎಂಬ ಹೆಸರಿತ್ತು, ಪಡೆದವರಿಗೆ ಕಸುಬಿನ ಗುರುತಿತ್ತು.

ಬಾಗಲಕೋಟೆ ನಗರದ ಅನುಭವ ಇನ್ನೂ ದೊಡ್ಡದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ದೊಡ್ಡ ಭಾಗ, ಸುತ್ತಲಿನ ಎರಿ ಹೊಲಗಳು ಹೋದವು, ನವನಗರ ಎದ್ದಿತು, ಪರಿಹಾರದ ಹಣ ಬಂತು. ಅದು ಸೇರಿದ್ದು ಉತಾರದಲ್ಲಿ ಹೆಸರಿದ್ದವರಿಗೆ, ಬಹುಪಾಲು ಗಂಡಸರಿಗೆ. ಒಮ್ಮೆಗೇ ಬಂದ ದೊಡ್ಡ ಮೊತ್ತ ಎಷ್ಟೋ ಮನೆಗಳಲ್ಲಿ ಗಾಡಿ, ಮದುವೆ, ಕುಡಿತಗಳಲ್ಲಿ ಕರಗಿತೆಂದು ಮುಳುಗಡೆ ಊರುಗಳ ಹಿರಿಯರು ಇಂದಿಗೂ ಮರುಗುತ್ತಾರೆ. ಗೃಹಲಕ್ಷ್ಮಿ ಸಣ್ಣ ಮೊತ್ತ, ತಿಂಗಳ ಮೊತ್ತ, ಹೆಂಗಸಿನ ಹೆಸರಿನ ಮೊತ್ತ. ಅದಕ್ಕೇ ಅದರ ಖರ್ಚಿನ ದಾರಿಯೂ ಬೇರೆ. ಆದರೂ ಅದು ಗಂಡನ ಕೈ ಸೇರಿ ಮದ್ಯದಂಗಡಿ ಮುಟ್ಟುವ ಮನೆಗಳು ಇಲ್ಲವೆನ್ನಲಾಗದು. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ಈ ಬೇನೆಯನ್ನು ಬಲ್ಲವರಾಗಿದ್ದರು. ಹೆಗಲಿಗೆ ಜೋಳಿಗೆ ಹಾಕಿ ಊರೂರು ತಿರುಗಿದ ಅವರು ಕಾಳು, ಕಾಸು ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಹಾಕಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ದುಡ್ಡು ಹೊತ್ತುಬರುವ ಸರ್ಕಾರದ ಹಿಂದೆಯೇ ಅಂಥದೊಂದು ಜೋಳಿಗೆಯೂ ಮನೆಯ ಮುಂದೆ ನಿಲ್ಲಬೇಕಾದ ಊರುಗಳಿವು.

ಇಲ್ಲಿ ಎದುರಾಗುವ ಕಷ್ಟದ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದಾಗ, ಬೊಕ್ಕಸದ ಹಣವನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಕೊಂಡೆಯರು ದೊರೆಗೆ ದೂರಿತ್ತರೆಂದು ಬಸವಪುರಾಣಗಳು ಹೇಳುತ್ತವೆ. ಲೆಕ್ಕ ತೆಗೆಸಿ ಎಣಿಸಿದಾಗ ಒಂದು ನಾಣ್ಯವೂ ಕಡಿಮೆಯಿರಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೇಳುತ್ತಾರೆ. ಕತೆಯ ಒಳಗಿನ ನೀತಿ ಬಿಗಿಯಾದದ್ದು: ದಾಸೋಹ ತನ್ನ ಬೆವರಿನಿಂದ ಆಗಬೇಕು, ಅರಮನೆಯ ಬೊಕ್ಕಸದಿಂದ ಅಲ್ಲ. ಹಾಗಾದರೆ ವಿಧಾನಸೌಧದಿಂದ ಬರುವ ಎರಡು ಸಾವಿರವನ್ನು ದಾಸೋಹ ಎನ್ನಲಾಗದು. ಭಾಷಣಗಳಲ್ಲಿ ಹಾಗೆ ಕರೆಯುವವರು ಬಸವಣ್ಣನವರಿಗೆ ನ್ಯಾಯ ಮಾಡುತ್ತಿಲ್ಲ.

ದಾನವೆನ್ನೋಣವೆಂದರೆ ಅದೂ ಹೊಂದುವುದಿಲ್ಲ. ಬಿಜ್ಜಳನ ಭಂಡಾರ ಬಿಜ್ಜಳನದಾಗಿತ್ತು. ಇಂದಿನ ಬೊಕ್ಕಸ ಯಾರ ಮನೆಯದೂ ಅಲ್ಲ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಗೆ ಗೃಹಲಕ್ಷ್ಮಿ ಇಲ್ಲ ಎಂಬ ನಿಯಮದಿಂದಾಗಿ, ತೆರಿಗೆ ಕಟ್ಟುವವರೇ ಬೇರೆ, ತಿನ್ನುವವರೇ ಬೇರೆ ಎಂಬ ಭಾವನೆ ಬೆಳೆದಿದೆ. ಅದು ತಪ್ಪು. ಚಪ್ಪಲಿಗೆ, ಔಷಧಕ್ಕೆ, ಮೊಬೈಲ್ ರೀಚಾರ್ಜ್‌ಗೆ ಹಣ ತೆತ್ತಾಗಲೆಲ್ಲ ಹುನಗುಂದದ ಕೂಲಿಯವಳೂ ತೆರಿಗೆ ತುಂಬಿರುತ್ತಾಳೆ. ಆಕೆ ಕೊಟ್ಟದ್ದರಲ್ಲಿ ಸ್ವಲ್ಪ ಆಕೆಗೇ ಮರಳಿದರೆ ಅದಕ್ಕೆ ಔದಾರ್ಯದ ಹೆಸರೇಕೆ? ಇಳಕಲ್ಲಿನ ಮುರ್ತುಜಾ ಖಾದ್ರಿ ದರ್ಗಾಕ್ಕೆ ಜಾತಿ ಭೇದವಿಲ್ಲದೆ ನಡೆದುಕೊಳ್ಳುವ ಜನಕ್ಕೆ ಇದು ಇನ್ನೊಂದು ಬಗೆಯಲ್ಲೂ ತಿಳಿದ ವಿಷಯ. ಇಸ್ಲಾಮಿನಲ್ಲಿ ಜಕಾತ್, ಅಂದರೆ ನಿಗದಿತ ಮಟ್ಟ ದಾಟಿದ ಉಳಿತಾಯದ ನೂರಕ್ಕೆ ಎರಡೂವರೆ ಪಾಲು, ಉಳ್ಳವನು ತೋರುವ ಕರುಣೆಯಲ್ಲ. ಅದು ಅವನ ಆಸ್ತಿಯೊಳಗೇ ಇರುವ ಬಡವರ ಹಕ್ಕು.

ಹಕ್ಕೆಂದ ಮೇಲೆ ಕೊಡುವವರ ಹೆಸರು ದೊಡ್ಡದಾಗಬಾರದು. ಎಲ್ಲೆಡೆ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. 2020ರಲ್ಲಿ ಅಮೆರಿಕ ತನ್ನ ಪ್ರಜೆಗಳಿಗೆ ತಲಾ 1,200 ಡಾಲರ್ ಕಳಿಸಿದಾಗ ಕಾಗದದ ಚೆಕ್ಕುಗಳ ಮೇಲೆ ಅಧ್ಯಕ್ಷ ಟ್ರಂಪ್ ಹೆಸರು ಅಚ್ಚಾಗಿತ್ತು. ನಮ್ಮಲ್ಲಿ ಬಸ್ಸಿನ ಬೆನ್ನ ಮೇಲೆ, ಪಂಚಾಯಿತಿ ಗೋಡೆಯ ಮೇಲೆ ನಾಯಕರ ನಗುಮುಖಗಳು. ಯಾವ ಪಕ್ಷವೂ ಇದಕ್ಕೆ ಹೊರತಲ್ಲ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೊಂದಿದೆ. ಕಾರ್ತಿಕ ಹುಣ್ಣಿಮೆಯ ದಿನ ಚಾಲುಕ್ಯ ಮಂಗಲೇಶ ವಿಷ್ಣುವಿನ ಈ ಕಲ್ಲುಮನೆಗೆ ಲಂಜಿಗೇಸರ ಎಂಬ ಹಳ್ಳಿಯನ್ನು ದತ್ತಿ ಬಿಟ್ಟ. ನಿತ್ಯ ಹದಿನಾರು ಬ್ರಾಹ್ಮಣರಿಗೆ ಸತ್ರದ ಊಟ, ಉಳಿದದ್ದು ಅಲೆಮಾರಿ ಸನ್ಯಾಸಿಗಳಿಗೆ. ಯಾರಿಗೆ, ಎಷ್ಟು ಜನಕ್ಕೆ, ಯಾವುದರಿಂದ ಎಂಬುದು ಅಲ್ಲಿ ಖಚಿತವಾಗಿ ಬರೆದಿದೆ. ಆ ಹಳ್ಳಿಯನ್ನು ಉತ್ತು ಬಿತ್ತಿದವರ ಪ್ರಸ್ತಾಪ ಅಲ್ಲಿಲ್ಲ ಎಂಬುದೂ ನಿಜ. ಆದರೆ ಅದೇ ಶಾಸನದಲ್ಲಿ ಮಂಗಲೇಶ ಈ ದಾನದ ಪುಣ್ಯವನ್ನು ತಾನಿಟ್ಟುಕೊಳ್ಳದೆ ಅಣ್ಣ ಕೀರ್ತಿವರ್ಮನಿಗೆ ಒಪ್ಪಿಸಿ, ತನಗೆ ಅಣ್ಣನ ಸೇವೆ ಮಾಡಿದ ಫಲವಷ್ಟೇ ಸಾಕೆನ್ನುತ್ತಾನೆ. ಅರಸುಮನೆತನದವನೂ ಪುಣ್ಯವನ್ನು ಕೈಬಿಡಬಲ್ಲ ಎಂಬುದನ್ನು ಬಾದಾಮಿಯ ಬಂಡೆ ಹದಿನಾಲ್ಕು ಶತಮಾನಗಳಿಂದ ತೋರಿಸುತ್ತಿದೆ.

ಪಡೆದವರು ಮಾಡಿದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. 2024ರಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಅಜ್ಜಿಯೊಬ್ಬರು ಕೂಡಿಟ್ಟ ಗೃಹಲಕ್ಷ್ಮಿ ಹಣದಿಂದ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ಸುದ್ದಿಯಾಯಿತು. ಅದೇ ತಾಲ್ಲೂಕಿನ ಇನ್ನೊಬ್ಬರು ಓದುವ ಮಕ್ಕಳಿಗೆ ಗ್ರಂಥಾಲಯ ಮಾಡಿಸಿದರು. ಗಜೇಂದ್ರಗಡದ ಕಡೆ ಅತ್ತೆ ಸೊಸೆ ಸೇರಿ ಹೊಲದಲ್ಲಿ ಬೋರು ಕೊರೆಸಿದರು. ಬೋರು ಕೊರೆಸಿದ್ದನ್ನು ಎಲ್ಲರೂ ಮೆಚ್ಚುತ್ತಾರೆ. ಹೋಳಿಗೆ ಊಟಕ್ಕೆ ಮಾತ್ರ ಕೆಲವರು ಹುಬ್ಬು ಗಂಟಿಕ್ಕಿದರು. ಬಡವರ ಹಣ ಹೊಟ್ಟೆಗೋ ಹೊಲಕ್ಕೋ ಹೋಗಬೇಕು, ದೇವರಿಗೆ, ಊರಿಗೆ ಖರ್ಚಾದರೆ ಪೋಲು ಎಂಬ ಎಣಿಕೆ ಅದು. ಅಜ್ಜಿ ತಾನು ಪಡೆದದ್ದನ್ನು ಪಂಕ್ತಿಗೆ ಬಡಿಸಿದ ಕ್ಷಣದಲ್ಲಿ ಆಕೆ ಫಲಾನುಭವಿಯಾಗಿ ಉಳಿಯಲಿಲ್ಲ. ಸರ್ಕಾರಕ್ಕೆ ದಕ್ಕದ ದಾಸೋಹ ಆಕೆಗೆ ದಕ್ಕಿತು. ಲಕ್ಕಮ್ಮ ಕೂಡ ಆಯ್ದ ಅಕ್ಕಿಯಿಂದ ಮಾಡಿದ್ದು ಇದನ್ನೇ.

ಬಾದಾಮಿ ಬಳಿಯ ಚೊಳಚಗುಡ್ಡದ ಬನಶಂಕರಿಗೆ ಶಾಕಂಭರಿ ಎಂದೂ ಹೆಸರು. ಬರ ಬಿದ್ದು ಜನ ಕಂಗೆಟ್ಟಾಗ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ, ಮಳೆ ಬರುವವರೆಗೆ ಲೋಕವನ್ನು ಸಾಕಿದ ತಾಯಿ. ಅವಳು ಯಾರಿಗೂ ಅರ್ಜಿ ಹಾಕಿಸಿಕೊಳ್ಳಲಿಲ್ಲ, ನೀನು ದುಡಿದೆಯಾ ಎಂದು ಕೇಳಲಿಲ್ಲ. ಬನದ ಹುಣ್ಣಿಮೆಗೆ ಮುಂಚೆ ನೂರೆಂಟು ಬಗೆಯ ಪಲ್ಯ ಮಾಡಿ ಅವಳಿಗೆ ನೈವೇದ್ಯ ಹಿಡಿಯುತ್ತಾರೆ. ತೇರಿನ ನಂತರ ವಾರಗಟ್ಟಲೆ ನಡೆಯುವ ಜಾತ್ರೆಯಲ್ಲಿ ನಾಟಕ ಕಂಪನಿಗಳ ಜೊತೆಗೆ ಬಾಗಿಲು, ಚೌಕಟ್ಟುಗಳ ದೊಡ್ಡ ಮಾರಾಟವೂ ಉಂಟು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಟಿಕೆಟ್ಟಿನ ದುಡ್ಡೂ ಅಲ್ಲಿನ ಖರ್ಚಿಗೆ ಉಳಿಯುತ್ತದೆ. ಬಳೆ, ಬೆಂಡು ಬೆತ್ತಾಸಿನಿಂದ ಹಿಡಿದು ಕಟ್ಟುತ್ತಿರುವ ಮನೆಯ ಹೊಸ್ತಿಲವರೆಗೆ ಎಲ್ಲವೂ ಒಂದೇ ಯಾತ್ರೆಯಲ್ಲಿ ಸೇರಿಹೋಗುವ ಊರಲ್ಲಿ ದೇವರ ಖರ್ಚು ಯಾವುದು, ಸಂಸಾರದ ಖರ್ಚು ಯಾವುದು ಎಂದು ಗೆರೆ ಎಳೆಯುವುದು ವ್ಯರ್ಥ.

ಯಾವುದಕ್ಕೆ ಖರ್ಚು ಮಾಡಬೇಕೆಂಬ ಆಯ್ಕೆಯ ಬೆಲೆ ಏನೆಂಬುದನ್ನು ಪಡಿತರದ ಅನ್ನಭಾಗ್ಯವೂ ಕಲಿಸಿದೆ. 2023ರ ಜುಲೈನಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದಿದ್ದಾಗ ಕಿಲೋಗೆ ₹34ರಂತೆ ತಲಾ ₹170 ಖಾತೆಗೆ ಹಾಕಿದರು. ಜೋಳದ ರೊಟ್ಟಿಯ ಈ ಸೀಮೆಯಲ್ಲಿ ಆ ಹಣದಿಂದ ಜೋಳ ತರಬಹುದಿತ್ತು, ಎಣ್ಣೆ ತರಬಹುದಿತ್ತು. 2025ರ ಫೆಬ್ರುವರಿಯಿಂದ ಹಣ ನಿಂತು ಮತ್ತೆ ಅಕ್ಕಿಯೇ ಬಂತು. ಉಣ್ಣುವವಳಿಗೆ ಏನು ಬೇಕೆಂದು ಉಣ್ಣುವವಳನ್ನು ಕೇಳಿದವರಿಲ್ಲ.

ಗೃಹಲಕ್ಷ್ಮಿಯಲ್ಲಿ ಆಯ್ಕೆ ಉಳಿದಿದೆ. ಉಳಿಯದಿರುವುದು ದಿನದ ಖಾತರಿ. ಕಂತು ಎರಡು ಮೂರು ತಿಂಗಳು ತಡವಾಗುವುದು, ಒಮ್ಮೆಲೆ ಎರಡು ಕಂತು ಬೀಳುವುದು ವಾಡಿಕೆಯಾಗಿಬಿಟ್ಟಿದೆ. ಸಂಘದ ಸಾಲದ ವಾರದ ಕಂತಿಗೆ ಆ ಸೌಲಭ್ಯವಿಲ್ಲ. ಅದು ಹೇಳಿದ ದಿನಕ್ಕೇ ಬಾಗಿಲಿಗೆ ಬರುತ್ತದೆ, ತಪ್ಪಿದರೆ ಮರ್ಯಾದೆ ಹೋಗುತ್ತದೆ. ನೌಕರರ ಸಂಬಳದಂತೆ ಈ ಹಣಕ್ಕೂ ತಿಂಗಳಿನ ಒಂದು ತಾರೀಖು ನಿಗದಿಯಾಗಬೇಕು, ಅದು ತಪ್ಪಿದಾಗ ಕಾರಣ ಹೇಳುವ ಹೊಣೆ ಸರ್ಕಾರದ ಮೇಲಿರಬೇಕು, ಜಾಹೀರಾತಿನ ಫೋಟೊ ಇಳಿಯಬೇಕು. ಅಷ್ಟಾದರೆ ಇಳಕಲ್ಲಿನ ಕಂಡಿಕೆ ಸುತ್ತುವ ಹೆಂಗಸು ಈ ಎರಡು ಸಾವಿರವನ್ನು ಕಾಯುತ್ತ ಕೂಡುವ ಬದಲು ಅದನ್ನು ನಂಬಿ ಮುಂದಿನ ವರ್ಷದ ಮಗಳ ಕಾಲೇಜಿನ ಫೀಯನ್ನು ಈಗಲೇ ಲೆಕ್ಕ ಹಾಕಬಹುದು.