ಬೇಲಿ ದಾಟುವ ಗರಿಕೆ ಮತ್ತು ಶ್ರಾವಕನ ಮಿತಿ

ನೆರೆಮನೆಯ ಅಂಗಳದಿಂದ ನಮ್ಮ ಅಂಗಳಕ್ಕೆ ಹಬ್ಬಿ ಬರುವ ಹುಲ್ಲಿಗೆ ಹೊಣೆ ಯಾರು? ಅದನ್ನು ಕಿತ್ತೊಗೆಯುವ ಅಧಿಕಾರ ನಮಗುಂಟೆ? ನಾವು ಬೆಳೆಸಿದ ಹುಲ್ಲು ಪರರ ನೆಲವನ್ನು ಸೇರಿದರೆ ಅದು ನಮ್ಮ ದೋಷವೆ? ಪ್ರಶ್ನೆ ಕ್ಷುದ್ರವೆಂದು ತೋರಬಹುದು. ಆದರೆ ಇಂದಿನ ಬಡಾವಣೆಗಳಲ್ಲಿ ನಿವೇಶನಕ್ಕೆ ನಿವೇಶನ ಅಂಟಿಕೊಂಡಿದೆ. ಮನೆಯ ಮುಂದೆ ಹತ್ತಡಿ ಹುಲ್ಲುಹಾಸು ಇರುವುದು ಗೌರವದ ಲಕ್ಷಣವೆನಿಸಿದೆ. ಬಸದಿಗಳ ಪ್ರಾಂಗಣಗಳಿಗೂ ಅದು ಬಂದಿದೆ. ಎರಡು ಕುಟುಂಬಗಳು ವರ್ಷಗಟ್ಟಲೆ ಮಾತು ಬಿಡುವುದಕ್ಕೆ ಒಂದು ಗೇಣು ಹುಲ್ಲು ಸಾಕಾಗುತ್ತದೆ. ಇಂಥ ಸಣ್ಣ ವಿಷಯದಲ್ಲಿ ಧರ್ಮವನ್ನು ಆಚರಿಸದವನು ದೊಡ್ಡ ವಿಷಯದಲ್ಲಿ ಅದನ್ನು ಪಾಲಿಸಿಯಾನೆಂದು ನಂಬುವುದು ಕಷ್ಟ. ಆದ್ದರಿಂದ ಈ ಪ್ರಶ್ನೆಯನ್ನು ವಿವೇಚಿಸುವುದು ಉಚಿತ.

ಮೊದಲು ಹುಲ್ಲಿನ ಸ್ವಭಾವವನ್ನು ತಿಳಿಯಬೇಕು. ನರ್ಸರಿಗಳಲ್ಲಿ ಬರ್ಮುಡಾ ಎಂಬ ಹೆಸರಿನಿಂದ ಮಾರುವ ಹುಲ್ಲು ನಮ್ಮ ಗರಿಕೆಯ ಜಾತಿಯದೇ, ಇಲ್ಲವೆ ಅದರ ಸಂಕರ ತಳಿ. ಉತ್ತರ ಕರ್ನಾಟಕದ ರೈತರು ಕರಿಕೆಯೆಂದು ಕರೆಯುವುದೂ ಇದನ್ನೇ. ಇದು ಎರಡು ದಾರಿಗಳಲ್ಲಿ ಹಬ್ಬುತ್ತದೆ. ನೆಲದ ಮೇಲೆ ಹರಿಯುವ ಕುಡಿಗಳು ಗೆಣ್ಣುಗೆಣ್ಣಿಗೂ ಬೇರೂರಿ ಹೊಸ ಗಿಡವನ್ನು ಹುಟ್ಟಿಸುತ್ತವೆ. ನೆಲದೊಳಗೆ ಹರಿಯುವ ಗುಪ್ತಕಾಂಡಗಳು ಬೇಲಿಯ ಅಡಿಯಿಂದ ನುಸುಳಿ ಆಚೆಯಲ್ಲಿ ತಲೆಯೆತ್ತುತ್ತವೆ. ಹುಲ್ಲುಹಾಸಿನ ಕೆಲವು ಸಂಕರ ತಳಿಗಳು ಮೊಳೆಯಬಲ್ಲ ಬೀಜವನ್ನೇ ಕೊಡುವುದಿಲ್ಲ. ಅವುಗಳ ವಂಶವೆಲ್ಲ ಗೆಣ್ಣಿನಿಂದಲೇ ಬೆಳೆಯತಕ್ಕದ್ದು. ಗುದ್ದಲಿಯಿಂದ ಕಡಿದು ತುಂಡುಗಳನ್ನು ಮಣ್ಣಿನಲ್ಲಿಯೇ ಬಿಟ್ಟರೆ ಒಂದು ಗಿಡ ಹತ್ತಾಗುತ್ತದೆ. ಸಿಟ್ಟಿನಿಂದ ಕೊಚ್ಚಿದವನ ಅಂಗಳದಲ್ಲಿ ಗರಿಕೆ ಹೆಚ್ಚುವುದರ ಕಾರಣವಿದು.

ನಮ್ಮ ಆಚಾರ್ಯರು ಈ ಪ್ರಕ್ರಿಯೆಯನ್ನು ಗಮನಿಸದೆ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸಸ್ಯಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸಿದ್ದಾರೆ. ಬೇರಿನಿಂದ ಹುಟ್ಟುವುದು, ತುದಿಯಿಂದ ಹುಟ್ಟುವುದು, ಗೆಣ್ಣಿನಿಂದ ಹುಟ್ಟುವುದು, ಗೆಡ್ಡೆಯಿಂದ, ಕಾಂಡದಿಂದ, ಬೀಜದಿಂದ ಹುಟ್ಟುವುದು ಮತ್ತು ಇವಾವುದೂ ಇಲ್ಲದೆ ಸಮ್ಮೂರ್ಛನದಿಂದ ಹುಟ್ಟುವುದು ಎಂದು ಅಲ್ಲಿ ಹೇಳಿದೆ. ಗೆಣ್ಣಿನಿಂದ ಹುಟ್ಟುವ ಪರ್ವಬೀಜಕ್ಕೆ ಕಬ್ಬು ಪ್ರಸಿದ್ಧವಾದ ಉದಾಹರಣೆ. ಗೆಣ್ಣಿನಿಂದ ಹಬ್ಬುವ ಗರಿಕೆಯನ್ನೂ ಈ ದೃಷ್ಟಿಯಿಂದ ನೋಡಬಹುದು. ಮುಖ್ಯವಾದ ಮಾತೆಂದರೆ ಅದು ಏಕೇಂದ್ರಿಯ ಜೀವ. ಸ್ಪರ್ಶವೊಂದನ್ನೇ ಬಲ್ಲ ಆ ಜೀವಕ್ಕೆ ಮನಸ್ಸಿಲ್ಲ. ಆದ್ದರಿಂದ ಅತಿಕ್ರಮಣದ ಸಂಕಲ್ಪವೂ ಇಲ್ಲ. ಬೇಲಿಯನ್ನು ಹಾಕಿದವನು ಮನುಷ್ಯ. ಬೇಲಿಯ ಕುರಿತಾದ ಧರ್ಮವೂ ಮನುಷ್ಯನದೇ. ಹುಲ್ಲು ಸೀಮೆಯನ್ನು ದಾಟಿತು ಎನ್ನುವುದು ನಮ್ಮ ಭಾಷೆಯೇ ಹೊರತು ಹುಲ್ಲಿನ ಕೃತ್ಯವಲ್ಲ.

ಲೌಕಿಕ ನ್ಯಾಯವು ಇದನ್ನು ಹೇಗೆ ಕಂಡಿದೆಯೆಂಬುದು ವಿಚಾರಣೀಯ. ಉಪದ್ರವದ ಕಾನೂನಿನಲ್ಲಿ ನಮ್ಮ ದೇಶದ ನ್ಯಾಯಾಲಯಗಳೂ ಆಂಗ್ಲ ತೀರ್ಪುಗಳನ್ನು ಗಮನಿಸುತ್ತ ಬಂದಿರುವುದರಿಂದ ಅವುಗಳನ್ನೇ ನೋಡೋಣ. 1890ರ ಜೈಲ್ಸ್ ಮತ್ತು ವಾಕರ್ ಮೊಕದ್ದಮೆಯಲ್ಲಿ, ಕಾಡುನೆಲವನ್ನು ಉತ್ತ ಮೇಲೆ ಅಲ್ಲಿ ಥಿಸಲ್ ಎಂಬ ಮುಳ್ಳುಗಿಡ ಬೆಳೆದು, ಅದರ ಬೀಜ ಗಾಳಿಯಲ್ಲಿ ತೂರಿ ನೆರೆಯವನ ಹೊಲವನ್ನು ಕೆಡಿಸಿತ್ತು. ತಾನಾಗಿ ಬೆಳೆದ ಗಿಡವನ್ನು ಕಡಿಯುವ ಹೊಣೆ ನೆಲದ ಒಡೆಯನಿಗಿಲ್ಲವೆಂದು ಅಂದು ತೀರ್ಮಾನವಾಯಿತು. 1894ರಲ್ಲಿ ಲೆಮನ್ ಮತ್ತು ವೆಬ್ ಮೊಕದ್ದಮೆಯಲ್ಲಿ, ನಮ್ಮ ನೆಲದ ಮೇಲೆ ಚಾಚಿದ ನೆರೆಮರದ ಕೊಂಬೆಗಳನ್ನು ನಮ್ಮ ಗಡಿಯೊಳಗೇ ನಿಂತು ಕಡಿಯಬಹುದು, ಮುಂಚಿತವಾಗಿ ತಿಳಿಸಬೇಕಾದುದಿಲ್ಲ ಎಂದು ನಿರ್ಣಯವಾಯಿತು. ಆದರೆ 1919ರ ಮಿಲ್ಸ್ ಮತ್ತು ಬ್ರೂಕರ್ ಮೊಕದ್ದಮೆ ಇನ್ನೊಂದು ಮಾತನ್ನು ಸೇರಿಸಿತು: ಹಾಗೆ ಕಡಿದ ಕೊಂಬೆಯ ಸೇಬುಗಳು ಮರದ ಒಡೆಯನವೇ, ಕಡಿದವನು ಅವುಗಳನ್ನು ಮಾರಿಕೊಳ್ಳುವಂತಿಲ್ಲ. ಅಚೌರ್ಯಾಣುವ್ರತವನ್ನು ಬಲ್ಲ ನಮಗೆ ಈ ವಿವೇಕ ಅಪರಿಚಿತವಲ್ಲ. ಕಡಿಯುವ ಹಕ್ಕು ಬೇರೆ, ಕೊಳ್ಳುವ ಹಕ್ಕು ಬೇರೆ.

ಮುಂದೆ ಈ ವಿಚಾರ ಇನ್ನಷ್ಟು ಬೆಳೆಯಿತು. 1979ರಲ್ಲಿ, ಗುಡ್ಡದ ಮಣ್ಣು ಕುಸಿದು ತಪ್ಪಲಿನ ಮನೆಗಳಿಗೆ ಹಾನಿಯೊದಗಿದ ಒಂದು ಮೊಕದ್ದಮೆಯಲ್ಲಿ, ಅಪಾಯವು ಪ್ರಕೃತಿಯಿಂದಲೇ ಉಂಟಾದುದಾದರೂ ಅದನ್ನು ಅರಿತ ಒಡೆಯನು ತನ್ನ ಶಕ್ತಿಗೆ ತಕ್ಕಷ್ಟು ನಿವಾರಣೋಪಾಯ ಮಾಡಬೇಕೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು. 2018ರಲ್ಲಿ ರೈಲುಮಾರ್ಗದ ಅಂಚಿನಿಂದ ನೆರೆಯ ಮನೆಗಳ ನೆಲದೊಳಗೆ ಹರಿದ ಜಪಾನಿ ನಾಟ್‌ವೀಡ್ ಎಂಬ ಸಸ್ಯದ ಗುಪ್ತಕಾಂಡಗಳ ವಿಷಯ ಬಂದಾಗ, ಗೋಡೆ ಬಿರುಕು ಬಿಡದಿದ್ದರೂ ಆ ನೆಲದ ನೆಮ್ಮದಿಯ ಬಳಕೆಗೆ ಹೊರೆಯಾದುದೇ ಉಪದ್ರವವೆಂದು ಅದೇ ನ್ಯಾಯಾಲಯ ನಿರ್ಣಯಿಸಿತು. 'ತಾನಾಗಿ ಬೆಳೆಯಿತು, ನನ್ನದೇನು?' ಎಂಬಲ್ಲಿಂದ 'ಅರಿತಿದ್ದೆ, ಶಕ್ತಿಯಿತ್ತು, ಏಕೆ ಸುಮ್ಮನಿದ್ದೆ?' ಎಂಬಲ್ಲಿಗೆ ಬರಲು ಕಾನೂನಿಗೆ ಸುಮಾರು ಒಂದು ಶತಮಾನ ಹಿಡಿಯಿತು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಎರಡು ಅಳತೆಗಳು ಹೊಸವಲ್ಲ. ಕರ್ಮಾಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಎಣಿಸುವಲ್ಲಿ ಭಾವದ ತೀವ್ರತೆ ಮಂದತೆಗಳ ಜೊತೆಗೆ ಅರಿತು ಮಾಡಿದುದು, ಅರಿಯದೆ ಮಾಡಿದುದು, ಮಾಡಿದವನ ವೀರ್ಯ ಎಂಬಿವನ್ನೂ ಅಲ್ಲಿ ಹೇಳಿದೆ. ಜ್ಞಾನವೂ ಸಾಮರ್ಥ್ಯವೂ ಇದ್ದಷ್ಟು ಹೊಣೆಯೂ ಹೆಚ್ಚುತ್ತದೆ. ಆದರೆ ನ್ಯಾಯಾಲಯವು ಹಾನಿಯನ್ನು ನೋಡುತ್ತದೆ, ಧರ್ಮವು ಭಾವವನ್ನೂ ನೋಡುತ್ತದೆ.

ಮೊದಲು ಹುಲ್ಲನ್ನು ಬೆಳೆಸಿದವನ ಭಾವವನ್ನು ತೆಗೆದುಕೊಳ್ಳೋಣ. ಪಕ್ಕದ ನಿವೇಶನ ಖಾಲಿ. ಅದರ ಒಡೆಯ ದೂರದ ಊರಿನಲ್ಲಿದ್ದಾನೆ. ನಮ್ಮ ಹುಲ್ಲು ಅತ್ತ ಹಬ್ಬುತ್ತದೆ. ಅಂದವಾಗಿದೆಯೆಂದು ನಾವು ಅದಕ್ಕೂ ನೀರು ಬಿಡುತ್ತೇವೆ, ಅದನ್ನೂ ಸಮನಾಗಿ ಕತ್ತರಿಸುತ್ತೇವೆ. ಮರುವರ್ಷ ಅಲ್ಲಿ ನಾಲ್ಕು ಹೂಕುಂಡಗಳು ಬರುತ್ತವೆ, ಅದರ ಮರುವರ್ಷ ಒಂದು ಕಲ್ಲುಬೆಂಚು. 1963ರ ಪರಿಮಿತಿ ಅಧಿನಿಯಮದಲ್ಲಿ ಪ್ರತಿಕೂಲ ಸ್ವಾಧೀನಕ್ಕೆ ಹನ್ನೆರಡು ವರ್ಷಗಳೆಂಬುದು ವ್ಯಾಪಾರಿಗಳಾದ ನಮಗೆ ಚೆನ್ನಾಗಿ ಗೊತ್ತು. ಬರಿಯ ಹುಲ್ಲಿನಿಂದ ಸ್ವಾಧೀನ ಸಿದ್ಧಿಸದು, ನಿಜ. ಆದರೆ ಮನಸ್ಸು ಹುಲ್ಲಿನ ಹಿಂದೆಯೇ ಹೋಗುತ್ತದೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೆಂಬುದು ಒಂದು. ಲೋಭದಿಂದ ಸ್ವೀಕೃತ ಮಿತಿಯನ್ನು ಹಿಗ್ಗಿಸಿಕೊಳ್ಳುವ ಅಭಿಪ್ರಾಯವೇ ಅಲ್ಲಿ ದೋಷ. ಪರಿಗ್ರಹ ಪರಿಮಾಣದಲ್ಲಿಯೂ ಹೊಲಮನೆಗಳ ಪ್ರಮಾಣವನ್ನು ಮೀರುವುದು ಅತಿಚಾರ. ಗಡಿಯ ಕಲ್ಲನ್ನು ರಾತ್ರಿ ಸರಿಸುವವನನ್ನು ಎಲ್ಲರೂ ನಿಂದಿಸುತ್ತಾರೆ. ಹಗಲಿನಲ್ಲಿ ಹುಲ್ಲು ಸರಿಯುವುದನ್ನು ನೋಡಿ ಒಳಗೊಳಗೆ ಸಂತೋಷಪಡುವವನನ್ನು ಯಾರೂ ನಿಂದಿಸರು. ಆದರೆ ಅವನ ಲೆಕ್ಕವನ್ನು ಬರೆಯುವ ಪುಸ್ತಕ ಬೇರೆಯಿದೆ.

ಇನ್ನು ಹುಲ್ಲನ್ನು ಬರಮಾಡಿಕೊಂಡವನ ಭಾವ. ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಗೃಹಸ್ಥನ ಅಣುವ್ರತ ತ್ರಸಹಿಂಸೆಗೆ ಸಂಬಂಧಿಸಿದುದು, ಸ್ಥಾವರಹಿಂಸೆ ಅವನಿಗೆ ಅನಿವಾರ್ಯ. ಹೊಲದ ಕಳೆಯನ್ನು ಕೀಳುವಂತೆ ಅಂಗಳದ ಕಳೆಯನ್ನೂ ಕೀಳಬಹುದು, ಅದೂ ಅತಿಕ್ರಮಿಸಿ ಬಂದ ಕಳೆಯಾದ್ದರಿಂದ ವಿರೋಧಿಹಿಂಸೆಯ ಲೆಕ್ಕಕ್ಕೆ ಸೇರಿ ಕ್ಷಮ್ಯವಾಗುತ್ತದೆ ಎಂದು ಕೆಲವರು ವಾದಿಸಬಹುದು. ಈ ವಾದದ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ. ವಿರೋಧಿಹಿಂಸೆಗೆ ಎದುರಾಳಿಯೊಬ್ಬ ಬೇಕು. ಮನಸ್ಸಿಲ್ಲದ ಹುಲ್ಲು ಯಾರಿಗೂ ಎದುರಾಳಿಯಾಗಲಾರದು. ಅದನ್ನು ಶತ್ರುವೆಂದು ಎಣಿಸುವಾಗ ನಮ್ಮ ಕಣ್ಣ ಮುಂದೆ ಇರುವವನು ನೆರೆಯವನೇ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಅವಶ್ಯವಾದಷ್ಟನ್ನು ಬಿಟ್ಟು ಉಳಿದ ಸ್ಥಾವರಜೀವಿಗಳ ಘಾತದಿಂದಲೂ ಗೃಹಸ್ಥನು ದೂರವಿರಬೇಕೆಂದು ವಿಧಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದನ್ನೂ ನೀರನ್ನು ಚೆಲ್ಲುವುದನ್ನೂ ಸಸ್ಯವನ್ನು ಕತ್ತರಿಸುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೇಕಾದಷ್ಟನ್ನು ಕೀಳುವುದು ಆರಂಭ. ಛಲಕ್ಕಾಗಿ ಕೀಳುವುದು ಕಷಾಯ. ಕೈಯ ಕೆಲಸ ಒಂದೇ, ಬಂಧ ಒಂದೇ ಅಲ್ಲ.

ಆರು ಲೇಶ್ಯೆಗಳ ವೃಕ್ಷದ ಚಿತ್ರವನ್ನು ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಅನೇಕರು ನೋಡಿರಬಹುದು. ಹಸಿದ ಆರು ಜನರಲ್ಲಿ ಒಬ್ಬನು ಮರವನ್ನು ಬುಡಸಹಿತ ಉರುಳಿಸಲು ಬಯಸುತ್ತಾನೆ, ಕೊನೆಯವನು ಉದುರಿದ ಹಣ್ಣಿನಿಂದ ತೃಪ್ತನಾಗುತ್ತಾನೆ. ಅದೇ ತಾರತಮ್ಯವನ್ನು ಬೇಲಿಯ ಬುಡದಲ್ಲಿಯೂ ಕಾಣಬಹುದು. ಒಬ್ಬನು ನೆರೆಯವನ ಹಾಸೂ ಒಣಗಲೆಂದು ಕಳೆನಾಶಕವನ್ನು ಬೇಲಿಯಾಚೆಗೂ ಸಿಂಪಡಿಸುತ್ತಾನೆ. ಇನ್ನೊಬ್ಬನು ತನ್ನ ನೆಲದ ಮೇಲೆ ಮಾತ್ರ ಸಿಂಪಡಿಸುತ್ತಾನೆ, ಆದರೆ ಆ ಮಣ್ಣಿನಲ್ಲಿರುವ ತ್ರಸಜೀವಿಗಳನ್ನು ನೆನೆಯುವುದಿಲ್ಲ. ಮತ್ತೊಬ್ಬನು ಸಿಟ್ಟಿನಿಂದ ಕೊಚ್ಚುತ್ತಾನೆ. ಬೇರೊಬ್ಬನು ದಾಟಿ ಬಂದ ಕುಡಿಗಳನ್ನಷ್ಟೇ ಕತ್ತರಿಸುತ್ತಾನೆ. ಇನ್ನೊಬ್ಬನು ಕತ್ತರಿಸುವ ಮೊದಲು ನೆರೆಯವನಿಗೆ ತಿಳಿಸುತ್ತಾನೆ. ಮಗದೊಬ್ಬನು ಕುಡಿ ಬೇರೂರುವ ಮುನ್ನವೇ ಅದನ್ನು ಬಂದ ದಾರಿಗೆ ತಿರುಗಿಸಿಡುತ್ತಾನೆ. ಹುಲ್ಲನ್ನು ಕೊಲ್ಲುವ ಗ್ಲೈಫೋಸೇಟ್ ಎಂಬ ರಾಸಾಯನಿಕವನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಬಳಸಕೂಡದೆಂದು ಕೇಂದ್ರ ಸರ್ಕಾರವು 2022ರಲ್ಲಿ ಅಧಿಸೂಚನೆ ಹೊರಡಿಸಿತು. ಶ್ರಾವಕನ ಸಂಯಮವು ಸರ್ಕಾರದ ಅಧಿಸೂಚನೆಗಾಗಿ ಕಾಯಬೇಕಾದುದಿಲ್ಲ.

ಇನ್ನೂ ಆಳವಾದ ಒಂದು ಮಾತಿದೆ. ಮಳೆಗಾಲದಲ್ಲಿ ಹಸಿರು ಮತ್ತು ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ನಮ್ಮ ಮುನಿಗಳು ವಿಹಾರವನ್ನೇ ನಿಲ್ಲಿಸಿ ಚಾತುರ್ಮಾಸ ಮಾಡುತ್ತಾರೆ, ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಅದೇ ಮಳೆಗಾಲದಲ್ಲಿ ಗರಿಕೆ ಅತಿವೇಗದಿಂದ ಹಬ್ಬುತ್ತದೆ, ನಮ್ಮ ಮನೆಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವೂ ಅತಿ ಹೆಚ್ಚು ಓಡುತ್ತದೆ. ನೋಟಕ್ಕಾಗಿ ಬೆಳೆಸಿ, ನೋಟಕ್ಕಾಗಿಯೇ ವಾರವಾರವೂ ಕತ್ತರಿಸುವ ಹಾಸು ನಮಗೆ ಎಷ್ಟು ಬೇಕೆಂಬುದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಗಡಿಯ ಜಗಳಕ್ಕಿಂತ ಮೊದಲು ಪ್ರಮಾಣದ ನಿರ್ಧಾರ ಆಗಬೇಕು.

ಬಸದಿಗಳ ಟ್ರಸ್ಟುಗಳಿಗೆ ಈ ಹೊಣೆ ಇನ್ನೂ ಹೆಚ್ಚಿನದು. ಅನೇಕ ಬಸದಿಗಳ ಪ್ರಾಂಗಣಕ್ಕೆ ರೈತರ ಹೊಲಗಳು ಹೊಂದಿಕೊಂಡಿವೆ. ನಮಗೆ ಹಾಸಾಗಿ ಚೆಂದ ಕಾಣುವ ಗರಿಕೆ ರೈತನಿಗೆ ಕಳೆ. ಎರೆನೆಲದಲ್ಲಿ ಆಳಕ್ಕಿಳಿದ ಕರಿಕೆಯನ್ನು ತೆಗೆಯುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಬೇಸಾಯಗಾರರನ್ನು ಕೇಳಿದರೆ ತಿಳಿದೀತು. ಆ ರೈತನು ದೇವಸ್ಥಾನದವರೆಂಬ ಗೌರವದಿಂದ ಬಾಯಿಬಿಡದೆ ಇರಬಹುದು. ಅವನ ಮೌನವನ್ನು ಸಮ್ಮತಿಯೆಂದು ಜಮಾ ಬರೆದುಕೊಳ್ಳುವುದು ನ್ಯಾಯವಲ್ಲ. ಅದು ನಾವು ತೀರಿಸಬೇಕಾದ ಸಾಲ. ಕಳೆ ಕೀಳುವ ಕೂಲಿಯಲ್ಲಿ ಪಾಲು ಕೊಡುವುದು ಟ್ರಸ್ಟಿನ ದಾನವೆನಿಸದು, ಕರ್ತವ್ಯವೆನಿಸುವುದು.

ಉಪಾಯಗಳೇನೂ ಕಠಿಣವಾದುವಲ್ಲ. ಹಾಸನ್ನು ಬೇಲಿಯವರೆಗೂ ಎಳೆಯದೆ ಒಂದೆರಡು ಅಡಿ ಒಳಗೇ ನಿಲ್ಲಿಸಬಹುದು. ನೆಲದೊಳಗೆ ಕಲ್ಲಿನ ಅಂಚನ್ನು ಇಳಿಸಬಹುದು. ಗರಿಕೆಗೆ ನೆರಳು ಒಗ್ಗದು. ಅಂಚಿನಲ್ಲಿ ದಟ್ಟವಾದ ಎಲೆಗಳ ಗಿಡಗಳನ್ನು ಸಾಲಾಗಿ ಬೆಳೆಸಿದರೆ ಅದರ ಹಬ್ಬುವಿಕೆ ತಾನಾಗಿ ಕುಂದುತ್ತದೆ. ಕತ್ತಿ ಮಾಡುವ ಕೆಲಸವನ್ನು ನೆರಳು ಮಾಡಬಲ್ಲದಾದರೆ ನೆರಳನ್ನೇ ಆರಿಸುವುದು ವಿವೇಕ. ದಾಟಿದ ಕುಡಿಗಳನ್ನು ತೆಗೆಯುವ ಶ್ರಮ ಮತ್ತು ವೆಚ್ಚ ಬೆಳೆಸಿದವನದು. ತೆಗೆಯುವ ಮುನ್ನ ತಿಳಿಸುವ ಸೌಜನ್ಯ ಬರಮಾಡಿಕೊಂಡವನದು. ಕಾನೂನು ಮುಂಚಿತ ಸೂಚನೆಯನ್ನು ಕೇಳದಿರಬಹುದು, ಮೈತ್ರೀಭಾವನೆ ಕೇಳುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದಶಲಕ್ಷಣ ಪರ್ವ ಬರುತ್ತದೆ, ಅದರ ಕೊನೆಯಲ್ಲಿ ಕ್ಷಮಾವಾಣಿ. ದೂರದ ಬಂಧುಗಳಿಗೆ ಕ್ಷಮಾಪಣೆಯ ಸಂದೇಶಗಳನ್ನು ಕಳುಹಿಸಿ, ಬೇಲಿಯಾಚೆಯವನೊಡನೆ ಮಾತನಾಡದೆ ಉಳಿದರೆ ಆ ಪರ್ವ ಅಪೂರ್ಣವೇ ಸರಿ. ಗಡಿಯೆಂಬುದು ನೆರೆಯವನನ್ನು ದೂರವಿಡುವ ಗೋಡೆಯೆಂದು ಭಾವಿಸುವುದಕ್ಕಿಂತ, ನಮ್ಮ ಆಸೆಗೆ ನಾವೇ ಹಾಕಿಕೊಂಡ ಎಲ್ಲೆಯೆಂದು ಭಾವಿಸುವುದು ಶ್ರಾವಕನಿಗೆ ಶೋಭೆ. ಹುಲ್ಲಿಗೆ ವ್ರತವಿಲ್ಲ, ನಮಗಿದೆ. ಆದ್ದರಿಂದ ಹುಲ್ಲು ಎಲ್ಲಿ ನಿಲ್ಲಬೇಕೆಂಬುದನ್ನು ನೋಡಿಕೊಳ್ಳುವ ಹೊಣೆಯೂ ನಮ್ಮದೇ.