ಎಂಟನೇ ಕ್ಲಾಸಿನ ಇಂಗ್ಲಿಷು ಮತ್ತು ಫಲದ ಆಸೆ

ನಮ್ಮ ಕಡೆಯ ಹೈಸ್ಕೂಲುಗಳ ಸ್ಟಾಫ್ ರೂಮಿನಲ್ಲಿ ಭಗವದ್ಗೀತೆಯಷ್ಟು ದುರುಪಯೋಗವಾಗುವ ಗ್ರಂಥ ಇನ್ನೊಂದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾರಾದರೊಬ್ಬರು ಚಹಾದ ಕಪ್ಪು ಕೆಳಗಿಟ್ಟು, ‘ಕಲಿಸೋದಷ್ಟೇ ನಮ್ಮ ಕೈಯಾಗ ಅದ, ಫಲ ಭಗವಂತನ ಕೈಯಾಗ’ ಅಂದೇ ಅನ್ನುತ್ತಾರೆ. 2025ರಲ್ಲಿ ಕಲಬುರಗಿ ಜಿಲ್ಲೆ ಇಡೀ ರಾಜ್ಯಕ್ಕೆ ಕೊನೆಯದಾಗಿ ನಿಂತಾಗಲೂ ಈ ಮಾತು ಕೇಳಿಬಂತು. ಇಲಾಖೆಯ ಸಭೆಗೆ ಹೋದರೆ ಅಲ್ಲಿ ಇದರ ತದ್ವಿರುದ್ಧ. ಫಲ ಬಿಟ್ಟು ಬೇರೆ ಮಾತಿಲ್ಲ. ಶೇಕಡಾ ಎಷ್ಟು, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು, ಯಾರಿಗೆ ನೋಟಿಸು. ಒಬ್ಬರು ಫಲವನ್ನು ಪೂರ್ತಿ ಕೈಬಿಟ್ಟವರು, ಇನ್ನೊಬ್ಬರು ಫಲವನ್ನಷ್ಟೇ ಹಿಡಿದವರು. ಜೂನ್ ತಿಂಗಳಲ್ಲಿ ಎಂಟನೇ ಕ್ಲಾಸಿನ ಬಾಗಿಲಿಗೆ ಬಂದು ನಿಂತ ಹುಡುಗಿ ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ನಾನು ಇಂಗ್ಲಿಷ್ ಮಾಸ್ತರ. ನೌಕರಿಯ ಬಹುಪಾಲು ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ, ವಾಡಿಯ ಸುತ್ತಲೇ ಕಳೆದಿದೆ. ಹೈಸ್ಕೂಲಿನ ಮೊದಲ ವರ್ಷ ಅಂದರೆ ಎಂಟನೇ ಕ್ಲಾಸು. ಸುತ್ತಲಿನ ಹಳ್ಳಿ, ತಾಂಡಾಗಳ ಶಾಲೆಗಳಿಂದ ಮಕ್ಕಳು ಬಂದು ಒಟ್ಟಿಗೆ ಕೂಡುತ್ತಾರೆ. ಚಿಂಚೋಳಿ ತಾಂಡಾದ ಹುಡುಗಿಯ ಮನೆಮಾತು ಲಂಬಾಣಿ. ಸೇಡಂ ಗಡಿಯ ಹಳ್ಳಿಯ ಹುಡುಗ ಅವ್ವನ ಜೊತೆ ತೆಲುಗು ಆಡುತ್ತಾನೆ. ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವರ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಉರ್ದು. ವಾಡಿಯವರಿಗೆ ರೈಲಿನ ಹಿಂದಿ ಮೊದಲೇ ಬಾಯಲ್ಲಿರುತ್ತದೆ. ಕಾಗದದ ಮೇಲೆ ಇಂಗ್ಲಿಷು ದ್ವಿತೀಯ ಭಾಷೆ. ಕ್ಲಾಸಿನ ಅರ್ಧ ಮಕ್ಕಳಿಗೆ ಅದು ಮೂರನೆಯದೋ ನಾಲ್ಕನೆಯದೋ. ಸರಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಹಾಗಾಗಿ ಏಳು ವರ್ಷ ಅದರ ಪುಸ್ತಕ ಹೊತ್ತವರೇ ಇವರೆಲ್ಲ. ಆದರೂ ವರ್ಷದ ಆರಂಭಕ್ಕೆ ಸೇತುಬಂಧದ ಪರೀಕ್ಷೆ ಕೊಟ್ಟರೆ ಕೆಲವರು ಅಕ್ಷರದಲ್ಲೇ ನಿಲ್ಲುತ್ತಾರೆ. ‘ಓದಮ್ಮ’ ಅಂದರೆ, ‘ನಂಗ ಬರಂಗಿಲ್ರಿ ಸರ, ನಮ್ಮ ಅಪ್ಪ ಅವ್ವ ಬಂಬೈಗೆ ದುಡಿಲಕ್ಕ ಹೋಗ್ಯಾರ್ರಿ’ ಅಂತ ಉತ್ತರ. ಎರಡು ಮಾತಿಗೂ ಸಂಬಂಧವಿಲ್ಲ ಅಂತ ಅನುಭವವಿಲ್ಲದವರು ತಿಳಿದುಕೊಳ್ಳುತ್ತಾರೆ.

ಈ ಮಗುವಿನ ಮುಂದೆ, ವರ್ಷದ ಕೊನೆಗೆ ಏನೇನು ಬರಬೇಕು ಅನ್ನುವ ‘ಕಲಿಕಾ ಫಲ’ಗಳ ಪಟ್ಟಿ ಇಟ್ಟುಕೊಂಡು ನಿಂತಾಗ ಏಳುವ ಪ್ರಶ್ನೆ ಶಿಕ್ಷಣಶಾಸ್ತ್ರದ್ದಲ್ಲ, ಧರ್ಮದ್ದು. ಇನ್ನೊಬ್ಬರ ಮಗುವಿಗೆ ಗುರಿ ಹಾಕಿಕೊಡುವ ಅಧಿಕಾರ ನನಗೆ ಎಲ್ಲಿಂದ ಬಂತು? ಹಾಕಿದ ಮೇಲೆ ಅದರ ಫಲವನ್ನು ನಾನು ಬಯಸಬೇಕೋ ಬೇಡವೋ?

ಗೀತೆಯ ಹೆಸರು ಹೇಳಿ ಬೇಡ ಅನ್ನುವವರ ಜೊತೆ ನನ್ನ ಜಗಳ ಇಷ್ಟೇ. ಫಲದ ಆಸೆ ಬಿಡು ಅನ್ನುವ ಮಾತು ಕೃಷ್ಣ ಹೇಳಿದ್ದು ಕೆಲಸ ಬಿಟ್ಟು ಕೂತವನಿಗೆ, ಎದ್ದು ಮಾಡು ಅಂತ. ಕೇಳಿದವನು ಅರ್ಜುನ, ಮರದ ಮೇಲಿನ ಹಕ್ಕಿಯ ಕಣ್ಣನ್ನು ಬಿಟ್ಟು ಬೇರೇನೂ ಕಾಣದವನು. ಫಲದ ಆಸೆ ಬಿಡು ಅಂದದ್ದನ್ನು ಗುರಿ ನೋಡದೆ ಬಾಣ ಬಿಡು ಅಂತ ಅವನಂತೂ ತಿಳಿಯಲಿಲ್ಲ. ಇನ್ನೊಂದು ಸಂಗತಿ, ಬಿಡಬಹುದಾದದ್ದು ನನ್ನ ಫಲವನ್ನು ಮಾತ್ರ. ನನ್ನ ಊಟ ನಾನು ಬಿಟ್ಟರೆ ಉಪವಾಸ, ಪಕ್ಕದ ಮನೆಯ ಕೂಸಿನ ಊಟ ಬಿಡಿಸಿದರೆ ಅದು ವ್ರತವಲ್ಲ. ಹುಡುಗಿ ಇಂಗ್ಲಿಷಿನಲ್ಲಿ ನಪಾಸಾದರೆ ಹೋಗುವುದು ಅವಳ ಓದು. ಮುಂದಿನ ವರ್ಷ ಅವಳೂ ಅವ್ವನ ಹಿಂದೆ ಬಂಬೈಗೆ ನಡೆದಿರುತ್ತಾಳೆ. ಅವಳ ಫಲವನ್ನು ಭಗವಂತನ ಪಾದಕ್ಕೆ ಒಪ್ಪಿಸಲು ನಾನ್ಯಾರು?

ಹಾಗಂತ ಇಲಾಖೆಯ ದಾರಿ ಸರಿಯೂ ಅಲ್ಲ. ಶರಣರ ಕಾಯಕದ ಮಾತಿನಲ್ಲಿ ಇದಕ್ಕೊಂದು ಉತ್ತರ ಇದೆ ಅಂತ ನನಗೆ ಅನ್ನಿಸಿದೆ. ಕಾಯಕಕ್ಕೆ ಫಲ ಬೇಕೇ ಬೇಕು, ಇಲ್ಲದಿದ್ದರೆ ದಾಸೋಹ ನಡೆಯುವುದು ಹೇಗೆ? ಆದರೆ ಆ ಫಲ ಮಾಡಿದವನ ಗಂಟಾಗಬಾರದು. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಈ ಆಸೆ ನಿಮಗೆ ಎಲ್ಲಿಂದ ಬಂತು ಅಂತ ಕೇಳಿ, ಹೆಚ್ಚಿನದನ್ನು ಅಲ್ಲೇ ಚೆಲ್ಲಿ ಬರಲು ಕಳಿಸಿದಳು. ಈ ಕಥೆಯನ್ನು ನಾವು ದುರಾಸೆಯ ವಿರುದ್ಧ ಮಾತ್ರ ಹೇಳುತ್ತೇವೆ. ಮಾರಯ್ಯ ಒಂದು ದಿನ ಬರಿಗೈಲಿ ಬಂದು ‘ಫಲ ಶಿವನ ಕೈಯಲ್ಲಿದೆ’ ಅಂದಿದ್ದರೆ ಆ ತಾಯಿ ಸುಮ್ಮನಿರುತ್ತಿದ್ದಳೇ? ಜಂಗಮರು ಎಲೆ ಮುಂದೆ ಕೂತಿರುವಾಗ? ಅಳತೆಗಿಂತ ಹೆಚ್ಚೂ ಬೇಡ, ಕಡಿಮೆಯೂ ನಡೆಯದು. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಚುರುಕಾದ ನಾಲ್ವರನ್ನು ಮುಂದೆ ಕೂಡಿಸಿ ರ‍್ಯಾಂಕಿಗೆ ತಯಾರು ಮಾಡುವ ಮಾಸ್ತರ ಹೆಚ್ಚು ಅಕ್ಕಿ ತಂದವನು. ಹಿಂದಿನ ಬೆಂಚಿನ ಕಡೆ ನೋಡದವನು ಬರಿಗೈಲಿ ಬಂದವನು. ಬಹಳ ಸಲ ಇಬ್ಬರೂ ಒಬ್ಬನೇ ಆಗಿರುತ್ತಾನೆ!

ಗುರಿಯ ಭಾರ ಯಾರ ಮೇಲೆ ಅನ್ನುವುದಕ್ಕೆ ನಮ್ಮ ನೆಲದಲ್ಲೇ ಕಲ್ಲಿನ ಸಾಕ್ಷಿ ಇದೆ. ಚಿತ್ತಾಪುರಕ್ಕೆ ಹೊಂದಿಕೊಂಡ ನಾಗಾವಿಯ ಅರವತ್ತು ಕಂಬದ ಗುಡಿಯನ್ನು ನೋಡಲು ಜನ ಹೋಗುತ್ತಾರೆ. ಅಲ್ಲಿ ಘಟಿಕಾಸ್ಥಾನ ಅನ್ನುವ ವಿದ್ಯಾಕೇಂದ್ರವಿತ್ತು. ಕಲ್ಯಾಣದ ಚಾಲುಕ್ಯರ ಕಾಲದ 1058ರ ಶಾಸನ ಅದರ ಏರ್ಪಾಟನ್ನು ಹೇಳುತ್ತದೆ: ಇನ್ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು, ವೇದಕ್ಕೆ, ಶಾಸ್ತ್ರಕ್ಕೆ ಬೇರೆ ಬೇರೆ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಕೊಡುವವರು ಏನೇನು ಕೊಡಬೇಕು ಅನ್ನುವುದು ಕಲ್ಲಿನಲ್ಲಿದೆ. ಇಂದು ಅದೇ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಗ್ರಂಥಪಾಲಕ ಅನ್ನುವ ಹುದ್ದೆಯನ್ನು ನಾನು ಕಂಡಿಲ್ಲ. ಪುಸ್ತಕಗಳು ಬೀರುವಿನಲ್ಲಿ, ಬೀಗದ ಕೈ ಹೆಡ್ ಮಾಸ್ತರರ ಜೇಬಿನಲ್ಲಿ. ಒಂಬೈನೂರು ವರ್ಷಗಳ ಮೇಲೆ ನಾವು ಬರೆಯುವ ಪಟ್ಟಿಯಲ್ಲಿ ಮಗು ಏನೇನು ಮಾಡಬೇಕು ಅಂತ ಮಾತ್ರ ಇದೆ.

ಅದೇ ತಾಲ್ಲೂಕಿನ ಸನ್ನತಿಯ ಸಾಕ್ಷಿ ಇನ್ನೂ ಹಳೆಯದು. ಭೀಮಾ ದಂಡೆಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದು 1980ರ ದಶಕದಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಒಡಿಶಾದ ಧೌಲಿಯಲ್ಲೂ ಇರುವ ಪ್ರತ್ಯೇಕ ಶಾಸನಗಳ ಭಾಗ ಇದರಲ್ಲಿದೆ. ಧೌಲಿಯ ಪೂರ್ಣಪಾಠ ಓದಿದರೆ ಮಾಸ್ತರನಿಗೆ ಮೈ ಬೆವರಬೇಕು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅಂದ ರಾಜ ಪ್ರಜೆಗಳಿಗೆ ಗುರಿ ಕೊಡುವುದಿಲ್ಲ; ಅಧಿಕಾರಿಗಳಿಗೆ ಕೊಡುತ್ತಾನೆ. ಹೊಟ್ಟೆಕಿಚ್ಚು, ಮುಂಗೋಪ, ಕ್ರೌರ್ಯ, ಆತುರ, ಆಲಸ್ಯ, ದಣಿವು ಇವು ನಿಮ್ಮಲ್ಲಿ ಇದ್ದರೆ ಕೆಲಸ ಕೆಡುತ್ತದೆ ಅನ್ನುತ್ತಾನೆ. ದಣಿವನ್ನೂ ಸೇರಿಸಿದ್ದಾನಲ್ಲ, ಅದು ನನಗೆ ಬಹಳ ಹಿಡಿಸಿತು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಎಲೆಕ್ಷನ್ ಡ್ಯೂಟಿ ಮಾಡಿ ಬಂದವನಿಗೆ ಆ ಶಬ್ದ ಬೇರೆಯೇ ಕೇಳುತ್ತದೆ.

ಸನ್ನತಿಯ ಕಲ್ಲಿನಲ್ಲಿ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ನಿನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯಬೇಡ, ನಾಲಿಗೆ ಹಿಡಿತದಲ್ಲಿರಲಿ ಅನ್ನುವುದು ಅದರ ಸಾರ. ಸಾವಿರ ವರ್ಷದ ಮೇಲೆ, ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಪರರ ವಿಚಾರ, ಪರರ ಧರ್ಮವನ್ನು ಸಹಿಸುವುದೇ ನಿಜವಾದ ಸಂಪತ್ತು ಅಂದಿತು. ಭೀಮಾ ದಂಡೆಯಲ್ಲೊಂದು, ಕಾಗಿಣಾ ದಂಡೆಯಲ್ಲೊಂದು, ಮಾತು ಒಂದೇ. ನಮ್ಮ ಇಂಗ್ಲಿಷ್ ಕ್ಲಾಸಿನ ಮೊದಲ ಕಟ್ಟಳೆಯನ್ನು ಇಲ್ಲಿಂದಲೇ ತಂದಿದ್ದೇನೆ. ಉರ್ದು ಮನೆಮಾತಿನ ಹುಡುಗ ‘ಇಸ್ಕೂಲ್’ ಅಂದಾಗ, ತಾಂಡಾದ ಹುಡುಗಿ ವಾಕ್ಯದ ಮಧ್ಯದಲ್ಲಿ ತಡವರಿಸಿದಾಗ ಯಾರೂ ನಗಬಾರದು. ಮಾಸ್ತರನೂ ನಗಬಾರದು. ಬೇರೆ ಭಾಷೆ ಕಲಿಯುವುದಕ್ಕೆ ನಾಚಿಕೆ ಬಿಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಸುತ್ತಲಿನವರು ನಗು ಬಿಟ್ಟರೆ ಅದು ತಾನೇ ಹೋಗುತ್ತದೆ.

ಉಳಿದ ಗುರಿಗಳು ಸಣ್ಣವು. ಒಂದು ವರ್ಷದ ಕೊನೆಗೆ ಪ್ರತಿ ಮಗುವೂ ಸಿಮೆಂಟ್ ಚೀಲದ ಮೇಲಿನ ಬರಹವನ್ನೂ ವಾಡಿ ಜಂಕ್ಷನ್ನಿನ ಬೋರ್ಡನ್ನೂ ತಾನೇ ಓದಬೇಕು. ತನ್ನ ಊರಿನ ಬಗ್ಗೆ ಐದು ವಾಕ್ಯ ಯಾರದ್ದನ್ನೂ ನೋಡದೆ ಬರೆಯಬೇಕು. ತಿಳಿಯದಿದ್ದಾಗ ‘ತಿಳಿಯಲಿಲ್ಲ’ ಅಂತ ಇಂಗ್ಲಿಷಿನಲ್ಲೇ ಎದ್ದು ನಿಂತು ಹೇಳಬೇಕು. ನನ್ನ ಲೆಕ್ಕದಲ್ಲಿ ಈ ಕೊನೆಯದು ಎಲ್ಲಕ್ಕಿಂತ ದೊಡ್ಡದು, ಯಾವ ಪರೀಕ್ಷೆಯಲ್ಲೂ ಇದಕ್ಕೆ ಅಂಕವಿಲ್ಲ.

ನೌಕರಿಯ ಗುರಿ? ಅದರ ಬಗ್ಗೆ ನಾನು ಮಕ್ಕಳಿಗೆ ಮಾತು ಕೊಡುವುದಿಲ್ಲ. ನಮ್ಮಜ್ಜ ನಿಜಾಮರ ಕಾಲದಲ್ಲಿ ಉರ್ದು ಕಲಿತದ್ದು ತಹಸೀಲ್ ಕಚೇರಿಯ ನೌಕರಿಗಾಗಿ. ಆಗ ಕಚೇರಿ, ಶಾಲೆ ಬಹುಮಟ್ಟಿಗೆ ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯೇ ಮುಗಿಯಿತು. ಯಾವ ಫಲಕ್ಕಾಗಿ ಕಲಿತರೋ ಅದು ಹೋಯಿತು, ಕಲಿತದ್ದು ಹೋಗಲಿಲ್ಲ. ಸಾಯುವ ತನಕ ಅವರು ಗಾಲಿಬನನ್ನು ಓದಿದರು, ಮೊಹಲ್ಲಾದವರ ಅರ್ಜಿ ಬರೆದುಕೊಟ್ಟರು. ಇಂಗ್ಲಿಷಿನ ದರಬಾರು ಎಷ್ಟು ದಿನವೋ ನನಗೆ ತಿಳಿಯದು. ಯಂತ್ರವೇ ಭಾಷಾಂತರ ಮಾಡಿಕೊಡುವ ಕಾಲದಲ್ಲಿ ಯಾವ ನೌಕರಿ ಉಳಿಯುತ್ತದೋ ಅದೂ ತಿಳಿಯದು.

ಪಾಲಕರಲ್ಲಿ ಒಂದು ವಿನಂತಿ. ಜೂನ್‌ನಲ್ಲಿ ಸಭೆಗೆ ಬಂದಾಗ ಮಗಳ ಗುರಿ ಏನು ಅಂತ ನಾವು ಓದಿ ಹೇಳುತ್ತೇವೆ, ನೀವು ತಲೆದೂಗಿ ಹೋಗುತ್ತೀರಿ. ಈ ಸಲ ಹಾಗೆ ಹೋಗಬೇಡಿರಿ. ಈ ವರ್ಷ ಮಾಸ್ತರ ಏನೇನು ಮಾಡುವವನಿದ್ದಾನೆ, ಬೀರುವಿನ ಬೀಗ ಯಾವ ವಾರ ತೆಗೆಯುತ್ತಾನೆ, ಹಿಂದಿನ ಬೆಂಚಿಗೆ ಯಾವಾಗ ಬರುತ್ತಾನೆ ಅಂತ ಕೇಳಿ, ಬರೆಸಿಕೊಂಡು ಹೋಗಿರಿ. ಓದು ಬಾರದವರು ಹೆಬ್ಬೆಟ್ಟು ಒತ್ತಿಯಾದರೂ ಆ ಕಾಗದ ಇಸಿದುಕೊಳ್ಳಿರಿ.