ಕೆಳಗಿನವರು

ಚೆನ್ನೈಗೆ ಬಂದ ಹೊಸದರಲ್ಲಿ ನನ್ನ ದೂರುಗಳೆಲ್ಲ ಸೆಕೆ, ಭಾಷೆ, ಬಾಡಿಗೆಯವು. ನೀರಿನ ಬಗ್ಗೆ ಯೋಚಿಸಿದ್ದು 2019ರ ಬೇಸಿಗೆಯಲ್ಲಿ. ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿದ್ದವು. ವೇಳಚೇರಿಯಲ್ಲಿ ಮೆಟ್ರೋ ವಾಟರ್ ಲಾರಿಗೆ ಕೊಡ ಹಿಡಿದು ನಿಂತಾಗ ನೆರೆಯವರೊಬ್ಬರು, "ಇದರಲ್ಲಿ ವೀರಾಣಂ ನೀರೂ ಇದೆ, ಸಾರ್" ಎಂದರು. ಕಡಲೂರು ಜಿಲ್ಲೆಯ ಆ ಕೆರೆ ತುಂಬುವುದು ಕೊಳ್ಳಿಡಂನಿಂದ. ಅಂದರೆ ಕಾವೇರಿ!

ನಾನು ಮಂಡ್ಯದವನು. ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿ ನಮ್ಮ ಗದ್ದೆ. 2002ರಲ್ಲಿ ಹನಿ ನೀರೂ ಬಿಡಬಾರದೆಂದು ಕೂಗಿದವರಲ್ಲಿ ನಾನೂ ಒಬ್ಬ.

ಆ ಕೂಗು ತಪ್ಪೇ? ಪೂರ್ತಿ ಅಲ್ಲ, ಅಪ್ಪನ ಪೈರು ಒಣಗಿದ್ದು ನಿಜ. ಆದರೆ ಕೂಗುವಾಗ ಕೆಳಗಿನವರಿಗೆ ಮುಖವೇ ಇರಲಿಲ್ಲ. ಈಗ ಅಲ್ಲಿ ನನ್ನ ಮಗಳು ಲೋಟ ಹಿಡಿದಿದ್ದಾಳೆ. ಹಾಗಾದರೆ ನನಗೆ ಬಂದಿದ್ದು ನ್ಯಾಯಬುದ್ಧಿಯೋ, ಅಥವಾ ನನ್ನ ಸ್ವಾರ್ಥವೇ ವಿಳಾಸ ಬದಲಿಸಿತೋ? ಎರಡನೆಯದೇ ಇರಬೇಕು ಅನ್ನಿಸುತ್ತದೆ. ಏಕೆಂದರೆ ವೀರಾಣಂ ಮೊದಲಿಗೆ ರೈತರ ಕೆರೆ. ನಗರದ ಪೈಪ್ ಅಲ್ಲಿಗೆ ಬಂದದ್ದು 2004ರಲ್ಲಿ. ಆ ಅಚ್ಚುಕಟ್ಟಿನ ಕೊನೆಯಲ್ಲೂ ನಮ್ಮಂಥದೇ ಒಂದು ಗದ್ದೆ ಇರುತ್ತದೆ. ಅದರ ಪರವಾಗಿ ನಾನೇನೂ ಕೂಗಿಲ್ಲ.

ಅಪ್ಪ ಫೋನಿನಲ್ಲಿ, "ನೀರಿಗೇನು ಮಾಡ್ತೀರೋ?" ಎಂದು ಕೇಳಿದರು. ಲಾರಿ ಬರ್ತದೆ ಅಂದೆ. ಎಲ್ಲಿಯ ನೀರು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.